ಎಂಟರ ಅಂಕಿ

ಮುಧೋಳದ ನಮ್ಮ ನದಿ ಕಚೇರಿಗೆ ಹೊಸ ಸಹಾಯಕ ಬಂದಾನ.
ಕುರ್ಚಿ ಬೇಡ, ಚಹಾ ಬೇಡ, ರಜಾ ಕೇಳಂಗಿಲ್ಲ.
ಪರದೆ ಮ್ಯಾಲ ಒಂದು ಖಾಲಿ ಚೌಕ, ಅದರಾಗ ಮಿಣುಕೋ ಗೆರಿ,
ಅಷ್ಟ ಅವನ ಮಾರಿ.
ಘಟಪ್ರಭಾ ಎಲ್ಲಿ ಹುಟ್ಟತಾಳ, ಎಲ್ಲಿ ಕೃಷ್ಣೆಗೆ ಕೂಡತಾಳ,
ಕೇಳಿದ್ರ ಥಟ್ಟನ ಹೇಳ್ತಾನ.
ಇವತ್ತ ನೀರೆಷ್ಟು ಅಂದ್ರ ಮಾತ್ರ
‘ಇಂದಿನದು ನನಗೆ ಕಾಣುವುದಿಲ್ಲ’ ಅಂತಾನ,
ಹೊಸ್ತಿಲ ದಾಟದ ಪಂಡಿತನಂಗ.

ತಬಸ್ಸುಮ್ ಬಂದ್ಲು, ನದಾಫರ ಓಣಿಯಾಕಿ,
ದಪ್ಪ ಚಾಳೀಸು, ಬಾಯಾಗ ಲವಂಗ.
‘ಇವಗೊಂದು ಕಿಡಕಿ ಕೊರೀಬೇಕ್ರಿ ಕಾಕಾ,
ಎಲ್ಲಾ ನದಿಗಳ ಲೆಕ್ಕಾ ಇಡೋ ಯಂತ್ರ ಒಂದು ಎಲ್ಲೋ ಐತಿ,
ಅದರ ಬಾಗಲಕ್ಕ ಇವನ್ನ ಮುಟ್ಟಸಬೇಕು.’
ಸಣ್ಣ ಕಡತ ತೆಗದ್ಲು. ಕಂಸದೊಳಗ ಕಂಸ,
ಉಳ್ಳಾಗಡ್ಡಿ ಸಿಪ್ಪಿಯಂಗ.
ವಿಳಾಸ ಬರದ್ಲು. ಕೀಲಿ ಬರದ್ಲು,
ನಲವತ್ತಕ್ಷರದ ಕೀಲಿ, ನಾ ಕಾಗದ ಹಿಡದು ಓದಿದ್ದು:
ಇದು ಸೊನ್ನಿಯೋ ಅಕ್ಷರವೋ, ಒಂದೋ ಎಲ್ಲೋ,
ಬೆವರು ಬಂತು ನನಗ.

ಮುಚ್ಚಿ ತೆರದ್ಲು. ಏನಿಲ್ಲ.
ಮತ್ತ ಮುಚ್ಚಿ ತೆರದ್ಲು. ಕೆಂಪನ್ನ ಬರಹ.
ಎರಡು ತಾಸು ಹಿಂಗ. ನಡುವ ಕರೆಂಟ್ ಹೋಗಿ ಬಂತು,
ಹೊರಗ ಕಬ್ಬಿನ ಟ್ರ್ಯಾಕ್ಟರ್ ಒಂದು ಸುಮ್ಮನ ಹಾರ್ನ್ ಹೊಡೀತು.
ಕಡೀಕ ಸಿಕ್ಕಿತು:
ಒಂದು ಅಲ್ಪವಿರಾಮ, ಇರೂವಿ ಕಾಲಿನಷ್ಟು.
ಅದಿಲ್ಲದ್ದಕ್ಕ ಇಡೀ ಹೊಳಿ ಹೊರಗ ನಿಂತಿತ್ತು.

ಹಸರು ಚುಕ್ಕಿ.
‘ಹೊರಗಿನ ಸೇವೆಯನ್ನು ಕೇಳಬಹುದೇ?
ಒಮ್ಮೆ ಮಾತ್ರ. ಯಾವಾಗಲೂ.’
ತಬಸ್ಸುಮ್ ನನ್ನ ಕಡೆ ನೋಡಿದ್ಲು.
ಒಮ್ಮೆ ಸಾಕವಾ, ಅಂದೆ. ಯಾಕಂದೆನೋ.

‘ಮುಧೋಳ ಮಾಪನ ಕಲ್ಲು. ಬೆಳಿಗ್ಗೆ ಎಂಟು ಗಂಟೆ.
ಐನೂರ ಮೂವತ್ತೊಂದು ದಶಾಂಶ ನಾಲ್ಕು ಆರು ಮೀಟರ್.
ನೀರಿನ ಮಟ್ಟ ಸ್ಥಿರವಾಗಿದೆ.’

ಹುಡುಗಿ ಚಪ್ಪಾಳಿ ತಟ್ಟಿದ್ಲು. ಸಾಹೇಬ್ರು ಎದ್ದು ಬಂದು ಭೇಷ್ ಅಂದ್ರು.
ನಾ ಮಾತಾಡಲಿಲ್ಲ.
ಆ ಅಂಕಿ ನಂದು.

ಮುಂಜಾನೆ ಎಂಟಕ್ಕ, ಘಟ್ಟದ ಮ್ಯಾಲಿನ ಮೆಟ್ಟಿಲಿನಾಗ ನಿಂತು,
ಕೆಳಗ ಪಾಚಿ, ಮೊನ್ನೆ ಜಾರಿದ ಮೊಣಕಾಲು ಇನ್ನೂ ಬಾತೈತಿ,
ಕಣ್ಣಿಗೆ ಕೈ ಅಡ್ಡ ಹಿಡದು, ನೊರಿಯೊಳಗ ಕಲ್ಲ ಹುಡುಕಿ,
ನಲವತ್ತಾರು ಇರಬೇಕು, ಅಂದಿದ್ದೆ.
ಫೋನಿನಾಗ ಒತ್ತಿ ಕಳಸಿದೆ. ನಲವತ್ತಾರಕ್ಕ ಮನಿ ಇತ್ತು ಅದರಾಗ,
‘ಇರಬೇಕು’ ಅನ್ನೂದಕ್ಕ ಮನಿ ಇರಲಿಲ್ಲ.

ಈಗ ನೋಡ್ರಿ, ನನ್ನ ಅಂದಾಜ
ಎಲ್ಲೆಲ್ಲೋ ತಿರುಗಿ, ರುಮಾಲು ಸುತ್ಕೊಂಡು,
ಪರಊರ ಬೀಗನಂಗ ನನ್ನ ಮುಂದನ ಬಂದು ಕುಂತೈತಿ,
ನಾನ ನೀರು ಕೊಟ್ಟು ಕೈಮುಗೀಬೇಕು.
ಸ್ಥಿರ ಅಂತ. ಯಾಕಾಗಬಾರದು?
ನಿನ್ನೆನೂ ನಾ ಮ್ಯಾಲಿನ ಮೆಟ್ಟಿಲಿನಾಗ ನಿಂತಿದ್ದೆ.

ಬಡಿಗಿ ತೊಗೊಂಡೆ. ಎಲ್ಲಿಗ್ರಿ ಕಾಕಾ, ಅಂದ್ಲು. ಬರ್ತೀನಿ ಅಂದೆ.
ಚಪ್ಪಲ್ಲ ಮ್ಯಾಲ ಬಿಟ್ಟೆ. ಕುಂಡಿ ಊರಿ, ಕೂಸಿನಂಗ,
ಒಂದೊಂದ ಮೆಟ್ಟಿಲ ಇಳದೆ.
ಹಿಡಕಲ್ಲಿನ ನೀರು, ಕೆಂಪು, ಹೊಳಿಮಣ್ಣಿನ ವಾಸನಿ.
ಧೋತರದ ಚುಂಗ ಹಿಡದು ಜಗ್ಗಿತು.
ಕಲ್ಲಿನ ಗೀರಿನ ಮ್ಯಾಲ ಬೆರಳಿಟ್ಟು ಸವರಿ ಎಣಸಿದೆ:
ನಲವತ್ತಾರು ಎಲ್ಲೋ ತಳದಾಗ. ಅರವತ್ತೆರಡು.

ಒತ್ತಿ ಕಳಸಿದೆ, ಹೆಬ್ಬೆರಳು ತೋಯ್ದು ಎರಡು ಸಲ ಜಾರಿತು.
ಸ್ವಲ್ಪ ಹೊತ್ತಿಗೆ ಕಿಸೆದಾಗ ಗುಂಯ್ ಅಂತು.
‘ಕಾಕಾ, ಮತ್ತ ಕೇಳಾಕತ್ತಾನ್ರಿ ಇವ,
ಒಮ್ಮೆ ಮಾತ್ರ ಒತ್ತಲೋ, ಯಾವಾಗಲೂ ಅನ್ನಲೋ?’

ತಡಿಯವಾ, ಅಂದೆ.
ಇನ್ನೊಮ್ಮೆ ನೋಡ್ತೀನಿ.