ಅರ್ಧ ಡಿಗ್ರಿ

ಪೈಪ್ಸಿ ಸರೋವರದ ಮೇಲೆ ಅಂದು ಮೊಳದುದ್ದ ಮಂಜುಗಡ್ಡೆ.
ಒಂಬತ್ತು ಮಕ್ಕಳು, ಒಂದು ಬೈರಿಗೆ.
ಈರುಳ್ಳಿ ಬೆಳೆಯುವ ಆ ದಂಡೆಯ ಶಾಲೆಯಲ್ಲಿ
ನಾನಿನ್ನೂ ತರಬೇತಿಗೆ ಬಂದವನು, ಬಾಯಿಬಡುಕ.

"ಮೇಲೆ ಇಷ್ಟು ಚಳಿ. ಕೆಳಗೆ ಮೀನು ಹೇಗೆ ಬದುಕಿದೆ?"
ಕೇಳಿದ ಅನ್ಫೀಸಾ ಟೀಚರ್, ಕೊರೆದ ತೂತಿನ ಪಕ್ಕ
ಬಕೆಟ್ಟು ಬೋರಲು ಹಾಕಿ ಕೂತುಬಿಟ್ಟರು
ಬಸ್ಸಿಗೆ ಕಾಯುವವರ ಹಾಗೆ.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.
"ತಳದ ನೀರು ನಾಲ್ಕು ಡಿ..." ಅನ್ನುವಷ್ಟರಲ್ಲಿ
ಅವರ ಉಣ್ಣೆಬೂಟು ನನ್ನ ಕಾಲ ಮೇಲೆ.
ತುಳಿದದ್ದಲ್ಲ, ಇಟ್ಟದ್ದು. ತೆಗೆಯಲಿಲ್ಲ, ಅಷ್ಟೇ.

ಮೀನು ನಿದ್ದೆ ಮಾಡುತ್ತೆ, ಅಂದ ಕೊಂದ್ರಾತ್.
"ಮಲಗಿದ ಮೀನು ನಿಮ್ಮಜ್ಜನ ಗಾಳ ಕಚ್ಚೋದು ಹೇಗಪ್ಪ?"
ಅವನು ತಲೆ ಕೆರೆದುಕೊಂಡ, ಟೋಪಿಯ ಮೇಲಿಂದಲೇ.
ತಳದಲ್ಲಿ ಬೆಚ್ಚಗಿರಬೇಕು, ಅಂದಳು ಉಲ್ಯಾನಾ,
ಈ ಗಡ್ಡೆಯೇ ಕೌದಿ ಇರಬೇಕು.
"ಇರಬೇಕು ಅಂದೆ. ಇದೆ ಅನ್ನೋಕೆ ಏನು ಮಾಡ್ತೀಯ?"

ದಾರ ಕಟ್ಟಿ ಥರ್ಮಾಮೀಟರ್ ಇಳಿಬಿಟ್ಟರು.
ಎಳೆದು ನೋಡಿದರೆ ಸೊನ್ನೆಗಿಂತ ಚೂರೇ ಮೇಲೆ.
ಕೌದಿ ಹರಿಯಿತು, ಕೌದಿ ಹರಿಯಿತು ಎಂದು ಹುಡುಗರು ನಕ್ಕರು.
ಉಲ್ಯಾನಾಳ ಕಣ್ಣು ತುಂಬಿತು.
ಟೀಚರ್ ಕರವಸ್ತ್ರ ಕೊಟ್ಟರು, ಉತ್ತರ ಕೊಡಲಿಲ್ಲ.
ನನ್ನ ಪಾದ ಜೋಮು ಹಿಡಿಯಿತು.

ಎಷ್ಟೋ ಹೊತ್ತು. ಗಾಳಿ. ಯಾರೋ ಮೂಗೇರಿಸುವ ಸದ್ದು.
ಆಮೇಲೆ ಎಲ್ಲರಿಗಿಂತ ಕಿರಿಯ, ಮಾತೇ ಆಡದ ಫೋಕಾ:
"ಬರುವ ದಾರಿಯಲ್ಲಿ ಅದು ಮೇಲಿನ ನೀರನ್ನೂ ನೋಡಿತಲ್ಲ,
ಕೆಳಗಿನದು ಮರೆತುಹೋಗಿರುತ್ತೆ."

ಬಾಟಲಿ ಬಂತು, ಬಿರಡೆ ಬಂತು, ಭಾರಕ್ಕೆ ಕಲ್ಲು ಬಂತು,
ದಾರ ಎರಡಾಯಿತು: ಇಳಿಸಲು ಒಂದು,
ತಳ ಮುಟ್ಟಿದ ಮೇಲೆ ಬಿರಡೆ ಕೀಳಲು ಇನ್ನೊಂದು.
ಮೂರು ಸಲ ತಪ್ಪಿತು. ಒಂದು ಬಾಟಲಿ ಸರೋವರದ ಪಾಲಾಯಿತು.
ನಾಲ್ಕನೆಯ ಸಲ ಬಂದ ನೀರು, ಮೂರೂವರೆ.

ಕುಣಿದರು. ಎಲ್ಲಿ ಗಡ್ಡೆ ಬಿರಿದೀತೋ ಎಂದು ನನಗೆ ಭಯ.
ಈಗಲಾದರೂ ಹೇಳಿಬಿಡೋಣವೆಂದು
"ಪುಸ್ತಕದಲ್ಲಿ ನಾಲ್ಕಿದೆ" ಅಂದೆ.
ಉಲ್ಯಾನಾ ನನ್ನತ್ತ ತಿರುಗಿದಳು:
"ಹಾಗಾದ್ರೆ ಅರ್ಧ ಎಲ್ಲಿ ಸೋರಿತು?
ಬಾಟಲಿಯಲ್ಲಾ, ಪುಸ್ತಕದಲ್ಲಾ?"

ಕಾಲ ಮೇಲೆ ಈಗ ಬೂಟಿರಲಿಲ್ಲ.
ಅನ್ಫೀಸಾ ಟೀಚರ್ ಬಕೆಟ್ಟಿನ ಮೇಲೆ ಕೊಂಚ ಸರಿದು
ನನಗೂ ಕೂರಲು ಜಾಗ ಮಾಡಿದರು.