ಓಲ್ಬಿ ಸಿನಿಮಾದಲ್ಲಿಲ್ಲ

ಕರೆಂಟು ಹೋಗಿ ಯಂತ್ರ ತಣ್ಣಗಾದ ಮಧ್ಯಾಹ್ನ
ಗೋಣಿಕೊಪ್ಪದ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಕೂತು
ಮೂವತ್ತೇಳು ವರ್ಷದ ಮೇಲೆ ಮತ್ತೆ ಬಿಚ್ಚಿದೆ.
ಬೆನ್ನು ಕಿತ್ತಿದೆ. ಹಾಳೆಗೆಲ್ಲ ಕರಿಮೆಣಸಿನ ವಾಸನೆ,
ಮೂಟೆಗಳ ಸಂದಿಯಲ್ಲಿ ಇಷ್ಟು ದಿನ ಮಲಗಿತ್ತಲ್ಲ.
ರಟ್ಟಿನ ಮೇಲೆ ಗಗನನೌಕೆ, ಬಾಲಕ್ಕೆ ಬೆಂಕಿ,
ಕೆಳಗೊಂದು ಹಳದಿ ಪಟ್ಟಿ:
ಈಗ ಸಿನಿಮಾ ಆಗಿ ನಿಮ್ಮೂರಿಗೂ!

ನಮ್ಮೂರಿಗೆ ಬರಲಿಲ್ಲ.
ವಿರಾಜಪೇಟೆಗೂ ಬರಲಿಲ್ಲ, ಮಡಿಕೇರಿಗೂ.
ಬಂದದ್ದು ಪುಸ್ತಕ ಒಂದೇ,
ಹವಾಲ್ದಾರ್ ಮುದ್ದಪ್ಪ ಮಾವನ ಟ್ರಂಕಿನಲ್ಲಿ,
ಝಾನ್ಸಿ ಸ್ಟೇಷನ್ನಿನಲ್ಲಿ ಹನ್ನೆರಡು ರೂಪಾಯಿಗೆ ಕೊಂಡು
ರಮ್ಮಿನ ಬಾಟಲಿಗಳು ಒಂದಕ್ಕೊಂದು ತಾಗದಿರಲೆಂದು
ನಡುವೆ ಸಿಕ್ಕಿಸಿದ್ದು.

ನನಗಾಗ ಹದಿಮೂರು. ಇಂಗ್ಲಿಷು ಅರ್ಧಂಬರ್ಧ.
ಅಂಚಿನಲ್ಲಿ ಪೆನ್ಸಿಲಿನ ಅರ್ಥಗಳು ಇನ್ನೂ ಇವೆ:
ಆರ್ಬಿಟ್ ಅಂದರೆ ಕಕ್ಷೆ.
ಏರ್‌ಲಾಕ್ ಅಂದರೆ ಗಾಳಿಯ ಬೀಗ.
ಹಲ್ ಅಂದರೆ... ಅದಕ್ಕೆ ಡಿಕ್ಷನರಿ ಯಾಕೆ,
ನಮ್ಮ ರಸ್ತೆಯ ಕೊನೆಗೇ ಹಲ್ಲಿಂಗ್ ಮಿಲ್ಲು!
ಕಾಫಿಯ ಸಿಪ್ಪೆ, ಅಂತ ಬರೆದಿದ್ದೇನೆ,
ಕೆಳಗೆ ಎರಡು ಗೆರೆ ಎಳೆದು.

ಹಾಗಾಗಿ ನಲವತ್ತನೇ ಪುಟದಲ್ಲಿ ಉಲ್ಕೆ ಬಡಿದು
ನೌಕೆಯ ಹಲ್ ಬಿರಿದಾಗ
ನಾನು ಕಂಡದ್ದು ಕಬ್ಬಿಣವನ್ನಲ್ಲ,
ಕಣದಲ್ಲಿ ಒಣಗಿದ ಚೆರಿಯನ್ನು.
ಬೆರಳಲ್ಲಿ ಒತ್ತಿದರೆ ಚಟ್ ಎಂದು ಸಿಪ್ಪೆ,
ಒಳಗೆ ಎದೆಗೆ ಎದೆ ಆನಿಸಿ ಮಲಗಿದ
ಇಬ್ಬರು ಗಗನಯಾತ್ರಿಗಳು.
ಇವತ್ತೂ ಅದೇ ಕಂಡಿತು.
ತಿದ್ದೋಣವೆಂದು ರಬ್ಬರು ಹುಡುಕಿ, ಸುಮ್ಮನಾದೆ.

ಕ್ಯಾಪ್ಟನ್ ಮಾತ್ರ ಕುಗ್ಗಿದ್ದಾನೆ.
ಆಗ ಅವನ ಭಾಷಣಕ್ಕೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು,
ಈಗ ಪಂಚಾಯಿತಿ ಮೆಂಬರಿನ ಹಾಗೆ ಕೇಳಿಸುತ್ತಾನೆ.
ಬರೆದವನಿಗೂ ಅವಸರ, ಪಾಪ:
ಒಂದೇ ಪುಟದಲ್ಲಿ ಮೂರು ಸಲ
ಯಾರದ್ದಾದರೂ ದವಡೆ ಬಿಗಿಯುತ್ತದೆ.

ಆದರೆ ಓಲ್ಬಿ.
ಪುಟ ನೂರ ಹದಿನೇಳು. ವೈರ್‌ಲೆಸ್ಸಿನವನು.
ಭೂಮಿಗೆ ಕೇಳಿಸುತ್ತಿಲ್ಲವೆಂದು ಗೊತ್ತಿದ್ದೂ
ಪ್ರತಿ ರಾತ್ರಿ ಒಂಬತ್ತಕ್ಕೆ ಗುಂಡಿ ಒತ್ತಿ
ಇವತ್ತು ಊಟಕ್ಕೆ ಏನಿತ್ತು ಎಂದು ಹೇಳುತ್ತಾನೆ.
ಅಷ್ಟೇ. ಎರಡೂವರೆ ಪುಟ.
ಮಾವ ಸಿಗ್ನಲ್ಸಿನಲ್ಲಿದ್ದವರು.
ಆ ಹಾಳೆಯ ಮೂಲೆ ಮಡಚಿದ್ದು
ನಾನಲ್ಲ.

ಹೋದ ತಿಂಗಳು ಮೊಬೈಲಿನಲ್ಲಿ ಸಿನಿಮಾ ಸಿಕ್ಕಿತು.
ರಾತ್ರಿ ಒಂದೂವರೆ ತನಕ ನೋಡಿದೆ.
ನೌಕೆ ಪರವಾಗಿಲ್ಲ, ಬೆಂಕಿಯೂ ಪರವಾಗಿಲ್ಲ,
ಓಲ್ಬಿ ಇಲ್ಲ.
ಅವನ ಮೇಜಿದೆ. ಕೆಂಪು ದೀಪವೊಂದು
ಯಾರಿಗೋ ಕಣ್ಣು ಹೊಡೆಯುತ್ತಿದೆ.
ಹಿಂದಕ್ಕೆ ಎಳೆದು ಮತ್ತೆ ನೋಡಿದೆ. ಕುರ್ಚಿ ಖಾಲಿ.
ಕತ್ತರಿಸಿ ಎಸೆದರೋ,
ಇಲ್ಲಾ ಆ ಅವಸರದ ಮನುಷ್ಯ
ಒಂದು ರಾತ್ರಿ ದವಡೆಗಳನ್ನೆಲ್ಲ ಬದಿಗಿಟ್ಟು
ಯಾರೂ ಕೇಳದೆಯೇ ಅವನನ್ನು ಹುಟ್ಟಿಸಿದನೋ.

ಎಲ್ಲೆಲ್ಲಿ ಉಳಿದಿರಬಹುದು ಈ ಪುಸ್ತಕ?
ಎಷ್ಟು ಟ್ರಂಕು, ಎಷ್ಟು ಗೆದ್ದಲು...
ಎಣಿಸುವಾಗ ಕರೆಂಟು ಬಂತು.
ಯಂತ್ರ ಕೆಮ್ಮಿ ಎದ್ದಿತು.

ನೂರ ಹದಿನೇಳನ್ನು ಗಾಜಿನ ಮೇಲೆ ಕವುಚಿದೆ.
ಹಸಿರು ಬೆಳಕು ಓಲ್ಬಿಯ ಅಡಿಯಲ್ಲಿ ಹಾದುಹೋಯಿತು.
ಬಿಸಿಬಿಸಿ ಹಾಳೆ ಹೊರಗೆ,
ಮಾವ ಮಡಚಿದ ಮೂಲೆ
ಕಪ್ಪು ತ್ರಿಕೋನವಾಗಿ ಬಿದ್ದಿದೆ.

ಬಾಗಿಲಲ್ಲಿ ಆಧಾರ್ ಕಾರ್ಡು ಹಿಡಿದ ಹುಡುಗ:
‘ಎರಡೂ ಕಡೆಗೆ ಎಷ್ಟು, ಆಂಟಿ?’
ಹೇಳಿದೆ.
ಆಮೇಲೆ, ಅವನು ಕೇಳದಿದ್ದರೂ,
ಮಧ್ಯಾಹ್ನಕ್ಕೆ ಕಡಂಬುಟ್ಟು ಇತ್ತು, ಅಂದೆ.

ಹುಡುಗ ನನ್ನನ್ನು ನೋಡಿದ.
ಚಿಲ್ಲರೆ ಎಣಿಸಿದ.
‘ಏನು ಸಾರು?’ ಅಂದ.