ಬೈಯಲು ಒಂದು ಗುರುವಾರ

ತಿತಿಮತಿಗೆ ಮೂರು ಮೈಲಿ ಇರುವಾಗ
ಬಸ್ಸು ನಿಂತಿತು.
ಮುಂದೆ ಸೀರೆಯುಟ್ಟ ಮೀಸೆಗಳು,
ಮೈಗೆ ಮಸಿ, ತಲೆಗೆ ಯಾರದೋ ಒಡೆದ ಹೆಲ್ಮೆಟ್ಟು,
ಬಣ್ಣದ ಡಬ್ಬ, ನೀರಿನ ಕ್ಯಾನು, ಸೋರೆಬುರುಡೆ,
ಬಡಿಯಲು ಬರುವುದೆಲ್ಲ ಇವತ್ತು ಡೋಲು.
ಡ್ರೈವರನ ಅಜ್ಜನಿಂದ ಕಂಡಕ್ಟರನ ಮೊಮ್ಮಕ್ಕಳ ತನಕ
ಯಾರನ್ನೂ ಬಿಡದೆ ಬೈದು
ಕೈ ಚಾಚಿದರು: ಹಾಕು ಕಾಸು!

ಪಕ್ಕದ ಸೀಟಿನ ಹೆಂಗಸು
ಕಿಟಕಿ ಎಳೆದು ಮಗಳ ಕಿವಿ ಮುಚ್ಚಿದರು.
ನಾನು ಕತ್ತು ಹೊರಗೆ ಚಾಚಿ ಹುಡುಕುತ್ತಿದ್ದೆ,
ಇವರಲ್ಲಿ ನಮ್ಮ ಚೋಮ ಯಾರು?

ಫ್ರೈಬುರ್ಗಿನಲ್ಲಿ ನಾನು ಕಾಡು ಓದುತ್ತಿದ್ದೆ.
ಕಾಡು ಓದಲು ಅಷ್ಟು ದೂರವೇ ಎಂದು
ಹಾಡಿಗೆ ಹಾಡಿಯೇ ನಕ್ಕಿತ್ತು.
ಬೋಳ ಮಾವ ಮಾತ್ರ ಕೇಳಿದ್ದ,
ಅಲ್ಲಿ ಜೇನು ಯಾವ ಮರಕ್ಕೆ ಕಟ್ಟುತ್ತದೆ?
ಪೆಟ್ಟಿಗೆಗೆ, ಎಂದೆ ಫೋನಿನಲ್ಲಿ.
ಬಹಳ ಹೊತ್ತು ಮಾತಾಡಲಿಲ್ಲ ಮಾವ.

ಆ ಊರಿನ ಬೀದಿಬೀದಿಗೂ ಒಂದು ಪುಟ್ಟ ಕಾಲುವೆ.
ಅದರೊಳಗೆ ಕಾಲು ಜಾರಿದವರು
ಅಲ್ಲಿಯವರನ್ನೇ ಮದುವೆಯಾಗಬೇಕಂತೆ.
ಮೂರು ಸಲ ಜಾರಿದೆ.
ಸಾಕ್ಸು ಒದ್ದೆಯಾದದ್ದೇ ಬಂತು.

ಐದು ತಿಂಗಳು ಮೆತ್ತಗೆ ಮಾತಾಡಿದೆ.
ಡಾಂಕೆ ಎಂದೆ ಬಾಗಿಲಿಗೆ, ಡಾಂಕೆ ಎಂದೆ ಟ್ರಾಮಿಗೆ,
ಕ್ಷಮಿಸಿ ಎಂದೆ ನನ್ನ ಕಾಲು ತುಳಿದವರಿಗೆ.
ಪ್ಯಾರಿಸ್ಸಿಗೆ ಹೋದೆ. ಗೋಪುರದ ಕೆಳಗೆ ಕೂತು
ಡಬ್ಬಿಯ ಚಿತ್ರಾನ್ನ ತಿಂದೆ.
ಸ್ಟ್ರಾಸ್‌ಬೂರ್ಗಿನ ಕ್ರಿಸ್‌ಮಸ್ ಸಂತೆಯಲ್ಲಿ
ಬಿಸಿ ವೈನಿನ ಲೋಟಕ್ಕೆ ಕೈ ಕಾಯಿಸಿದೆ.
ಎಲ್ಲ ಚೆಂದವೇ.
ಗಾಜಿನ ಆಚೆಗಿನ ಚೆಂದ.

ಫೆಬ್ರುವರಿಯ ಒಂದು ಭಾನುವಾರ
ಹುಚ್ಚರ ಹಬ್ಬ ನೋಡುವೆಯಾ ಎಂದು
ಮನೆಯೊಡತಿ ಗುಡ್ರುನ್ ಸಣ್ಣ ರೈಲು ಹತ್ತಿಸಿದಳು.
ಎಲ್ಜಾಖ್ ಎಂಬ ಊರು. ಹಿಮ. ಪಂಜು.
ಕತ್ತಲಿನಿಂದ ಕೆಂಪು ಜೂಲಿನ ಮನುಷ್ಯರು ಬಂದರು,
ಮುಖಕ್ಕೆ ಮರದ ಮುಖ,
ಮೂರು ಮೂಲೆಯ ಹುಲ್ಲಿನ ಟೋಪಿ,
ಟೋಪಿಯ ತುಂಬ ಬಸವನಹುಳುವಿನ ಚಿಪ್ಪು,
ಕೈಯಲ್ಲಿ ಊದಿ ಕಟ್ಟಿದ ಹಂದಿಯ ಮೂತ್ರಚೀಲ.
ಪಟ್ ಎಂದು ಬಿತ್ತು ಅಂಗಡಿಯವನ ಬೆನ್ನಿಗೆ,
ಪಾದ್ರಿಯ ಬೆನ್ನಿಗೆ, ಗುಡ್ರುನ್ ಬೆನ್ನಿಗೆ.
ಒಬ್ಬ ನನ್ನೆದುರು ನಿಂತ.
ಮರದ ಹಲ್ಲಿನ ಹಿಂದಿನಿಂದ ಏನೋ ಅಂದ.
ಬೈಗುಳವೇ. ಭಾಷೆ ತಿಳಿಯದಿದ್ದರೇನು,
ಅದರ ರಾಗ ಗೊತ್ತಿಲ್ಲವೇ ನನಗೆ?

ಬಾಯಿ ತೆರೆದೆ.
ಮಡಚಿಟ್ಟಿದ್ದ ಹಾಡಿಯ ನುಡಿ
ಹೊಗೆ ತಾಗಿದ ಹೆಜ್ಜೇನಿನಂತೆ ಎದ್ದಿತು.
ಅವನ ಟೋಪಿಗೆ, ಟೋಪಿಯ ಚಿಪ್ಪಿಗೆ,
ಚಿಪ್ಪಿನೊಳಗೆ ಸತ್ತ ಹುಳುವಿಗೆ, ಅವನ ಕುಂಡೆಗೆ,
ಬೇಟೆಗೆಂದು ಕರೆದೊಯ್ದು ನಡುಕಾಡಿನಲ್ಲಿ ಕೈಬಿಟ್ಟು
ಭದ್ರಕಾಳಿಯ ಜೊತೆ ಓಡಿಹೋದ ನಮ್ಮ ದೇವರಿಗೆ,
ಹುಲಿಗೆ ಜಾಗ ಬೇಕೆಂದು
ಅಜ್ಜನನ್ನು ತೋಟದ ಲೈನುಮನೆಗೆ ದಾಟಿಸಿದ ಕಾಗದಕ್ಕೆ,
ಅಂಥ ಕಾಗದ ಬರೆಯುವುದನ್ನೇ
ಕಲಿಯಲು ಬಂದ ನನಗೆ.
ಕೊನೆಯ ಎರಡನ್ನು
ಬೈಯುತ್ತೇನೆಂದು ನಾನೂ ಎಣಿಸಿರಲಿಲ್ಲ.

ಮರದ ಮುಖ ಸುಮ್ಮನೆ ನಿಂತಿತ್ತು.
ಆಮೇಲೆ ಒಳಗಿನಿಂದ ಒಬ್ಬ ಮುದುಕನ ಕೆಮ್ಮು, ನಗು.
ಜೂಲಿನ ಜೇಬಿನಿಂದ ಕಿತ್ತಳೆ ತೆಗೆದು
ನನ್ನ ಅಂಗೈಗಿಟ್ಟ.
ದಪ್ಪ ಸಿಪ್ಪೆಯದು, ನಮ್ಮ ಕಡೆಯದಲ್ಲ.
ಏನಂದೆ ಅವನಿಗೆ? ಗುಡ್ರುನ್ ಕೇಳಿದಳು.
ಡಾಂಕೆ ಅಂದೆ, ಎಂದೆ.

ಕಿಟಕಿಗೆ ಈಗ ಒಂದು ಕ್ಯಾನು.
ಹಸಿರು ಸೀರೆ. ನನ್ನದೇ,
ಪಿಯುಸಿ ಬೀಳ್ಕೊಡುಗೆಗೆ ಉಟ್ಟದ್ದು.
ರವಿಕೆಯೊಳಗೆ ಎರಡು ಕರಟ.
ಮಸಿಯ ನಡುವಿನ ಕಣ್ಣು ನನ್ನ ಗುರುತು ಹಿಡಿದು
ಒಂದು ಗಳಿಗೆ ತಬ್ಬಿಬ್ಬಾಯಿತು, ನಂತರ ಶುರು:
ಜರ್ಮನಿಯ ಕುಂಡೆಯೇ, ಹಾಕೇ ನಿನ್ನ ಯೂರೋ!
ಎರಡರ ನಾಣ್ಯ ಹಾಕಿ, ತಿರುಗಿಸಿ ಒಂದು ಕೊಟ್ಟೆ.
ಚೋಮ ಬಡಿಯುವುದನ್ನೇ ನಿಲ್ಲಿಸಿದ.
ಅದು ಹಾಗಲ್ಲ, ಅಕ್ಕ, ಎಂದ,
ಮೂಗಿನಿಂದ ಬರಬೇಕು.
ಎರಡು ಸಲ ಹೇಳಿಕೊಟ್ಟ.

ನಾಳೆ ಏಳಕ್ಕೆ ಇವನು ಮರ ಕಪಾತಿಗೆ ಹೋಗಬೇಕು,
ಇಂದು ಬೈಸಿಕೊಂಡ ಸಾಹುಕಾರರ ಮುಂದೆ
ಏಣಿ ಹೊತ್ತು ನಿಲ್ಲಬೇಕು.

ನಿಮಗೆ ಇವರ ಗುರುತುಂಟಾ?
ಪಕ್ಕದ ಹೆಂಗಸು ಕೇಳಿದರು.
ಬ್ಯಾಗು ಹೆಗಲಿಗೇರಿಸಿ ಅಲ್ಲೇ ಇಳಿದೆ.
ಗುರುವಾರ ಮುಗಿಯಲು
ಇನ್ನೂ ಐದಾರು ತಾಸಿತ್ತು.